ಚೌಕಾಸಿ ಅಕ್ಕನ ಕಡಲಾಚೆಯ ಗಿರಾಕಿಗಳು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಚೌಕಾಸಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿ ಅಂಗಡಿಯವನು ಟೊಮೆಟೊ ಬೆಲೆಯನ್ನು ಒಂದಿಷ್ಟು ಏರಿಸಿಟ್ಟುಕೊಳ್ಳುತ್ತಿದ್ದ. ಹೇಗೂ ಇಳಿಸಲೇಬೇಕಲ್ಲ, ಇಳಿಸುವುದಕ್ಕೆ ಕೈಯಲ್ಲಿ ಏನಾದರೂ ಇರಲಿ ಎಂದು. ಅವನು ಏರಿಸಿಟ್ಟಿರುತ್ತಾನೆಂಬುದು ಅವಳಿಗೂ ಗೊತ್ತಿತ್ತು. ಇಬ್ಬರೂ ಏನೂ ಅರಿಯದವರಂತೆ ಜಗಳವಾಡಿ, ಕೊನೆಗೆ ಅವಳು ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ಬಿಟ್ಟಿಯಾಗಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಿದ್ದಳು. ಒಮ್ಮೆ ಅವಳು ಜ್ವರ ಬಂದು ಮಲಗಿದಾಗ ಅವನೇ ಬಾಗಿಲವರೆಗೆ ಬಂದು, "ಅಕ್ಕಾ, ನೀವಿಲ್ದೆ ವ್ಯಾಪಾರಕ್ಕೆ ರುಚೀನೇ ಇಲ್ಲ" ಎಂದು ಹೇಳಿ ಹೋಗಿದ್ದ.

ಮನೆಯೊಳಗೆ ಮಾತ್ರ ಅವಳ ಚೌಕಾಸಿ ನಡೆಯುತ್ತಿರಲಿಲ್ಲ. ಗಂಡ ಹೊಲಿಗೆ ಯಂತ್ರಗಳ ಮಿಸ್ತ್ರಿ. ಬಾಯಿ ತೆರೆದರೆ ಮುತ್ತು ಉದುರೀತು ಎಂಬಷ್ಟು ಮಿತಭಾಷಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಊರಿನ ಟೈಲರ್ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತ ಬಂದಾಗ, ಅವರು ಎಸೆಯಲು ಇಟ್ಟಿದ್ದ ಹಳೆಯ ಯಂತ್ರಗಳನ್ನೆಲ್ಲ ಮಿಸ್ತ್ರಿ ಮನೆಗೆ ತಂದ. ತಂದವನು ಸುಮ್ಮನೆ ಇಡಲಿಲ್ಲ. ಒಂದೊಂದನ್ನೂ ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿದ. ಡಬ್ಬಗಳು ಮುಂದಿನ ಕೋಣೆಯನ್ನು ತುಂಬಿ, ಮಂಚದ ಕೆಳಗೆ ನುಸುಳಿ, ಅಡುಗೆಮನೆಯ ಮೇಲಿನ ಗೂಡಿಗೂ ಹತ್ತಿದವು. ಸಕ್ಕರೆ ಡಬ್ಬವೆಂದು ತೆಗೆದರೆ ಒಳಗೆ ಸ್ಪ್ರಿಂಗು.

"ಈ ಮನೇಲಿ ನಿಮ್ಮ ಹಳೇ ಕಬ್ಬಿಣ ಕಾಲು ಚಾಚ್ಕೊಂಡು ಮಲಗುತ್ತೆ, ನಾನು ಮುದುಡ್ಕೊಂಡು ಮಲಗ್ತೀನಿ" ಎಂದು ಅಕ್ಕ ರೇಗುತ್ತಿದ್ದಳು.

"ಇರ್ಲಿ ಬಿಡು. ಯಾವುದಾದ್ರೂ ಮೆಷಿನ್ನಿಗೆ ಬೇಕಾಗುತ್ತೆ" ಎನ್ನುತ್ತಿದ್ದ ಮಿಸ್ತ್ರಿ.

ಯಾವ ಮೆಷಿನ್ನಿಗೂ ಬೇಕಾಗಲಿಲ್ಲ. ಜನ ಸಿದ್ಧ ಉಡುಪು ಕೊಳ್ಳತೊಡಗಿದ್ದರು. ಉಳಿದ ಕೆಲವು ಟೈಲರ್‌ಗಳು ಗುಂಡಿ ಒತ್ತಿದರೆ ಓಡುವ ಹೊಸ ಯಂತ್ರ ತಂದುಕೊಂಡಿದ್ದರು. ಮಿಸ್ತ್ರಿಯ ಕಣ್ಣಿಗೆ ಪೊರೆ ಬರತೊಡಗಿ, ಸೂಜಿಗೆ ದಾರ ಪೋಣಿಸಲೂ ಅವನು ಹೆಂಡತಿಯನ್ನು ಕರೆಯುವಂತಾಯಿತು. ರಿಪೇರಿಗೆ ಬರುವವರಿಲ್ಲದೆ ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಬೀದಿ ನೋಡುತ್ತಿದ್ದ. ಅವನು ಹಾಗೆ ಕೂರುವುದನ್ನು ನೋಡಲು ಅಕ್ಕನಿಗೆ ಆಗುತ್ತಿರಲಿಲ್ಲ. ಆ ಸಂಕಟವೆಲ್ಲ ಅವಳ ಬಾಯಿಯಲ್ಲಿ ಸಿಟ್ಟಾಗಿ ಹೊರಬರುತ್ತಿತ್ತು.

ಅಂಥ ಸಿಟ್ಟಿನಲ್ಲೇ ಒಂದು ದಿನ, ಮಿಸ್ತ್ರಿ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಾಗ, ಅವಳು ಗುಜರಿಯವನನ್ನು ಕರೆದಳು. ಡಬ್ಬಗಳೆಲ್ಲ ಮೆಟ್ಟಿಲ ಮುಂದೆ ಬಂದು ಕೂತವು. ಗುಜರಿಯವನು ತಕ್ಕಡಿ ಎತ್ತಿದ. ಅಕ್ಕ ಸೆರಗು ಸಿಕ್ಕಿಸಿದಳು. ಅವನು ಒಂದು ಮಾತಾಡಿದರೆ ಅವಳು ನಾಲ್ಕು ಮಾತಾಡಿದಳು. ಅವನು ಎದ್ದು ಹೊರಟಂತೆ ಮಾಡಿದ, ಅವಳು ಬಾಗಿಲು ಮುಚ್ಚಿದಂತೆ ಮಾಡಿದಳು. ಕೊನೆಗೆ ಗುಜರಿಯವನು ತಲೆ ಮೇಲೆ ಕೈ ಹೊತ್ತು, ಅವಳು ಕೇಳಿದ ದರಕ್ಕೇ ಒಪ್ಪಿದ.

ಅಷ್ಟರಲ್ಲಿ ಅವಳ ತಂಗಿಯ ಮಗಳು ಬಂದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಮಗಳಂತೆ ಓಡಾಡಿಕೊಂಡಿದ್ದವಳು. ಕೊರಿಯರ್ ಕಚೇರಿಯೊಂದರ ಕೌಂಟರಿನಲ್ಲಿ ಅವಳಿಗೆ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡಮ್ಮನ ಕೈಯಡುಗೆ ತಿನ್ನಲು ಬರುತ್ತಿದ್ದಳು. ಮೆಟ್ಟಿಲ ಮೇಲೆ ಹರಡಿದ್ದ ಸಾಮಾನಿನಿಂದ ದೋಣಿಯಾಕಾರದ ಒಂದು ಪುಟ್ಟ ಉಕ್ಕಿನ ತುಂಡನ್ನು ಅವಳು ಎತ್ತಿಕೊಂಡಳು.

"ದೊಡ್ಡಮ್ಮಾ, ಇದೇನು?"

"ಶಟಲ್ಲು. ಹಳೇ ಮೆಷಿನ್ನುಗಳಲ್ಲಿ ಕೆಳಗಿನ ದಾರ ಇದರೊಳಗೇ ಇರುತ್ತೆ. ಅಲ್ಲೇ ಇಡು, ತೂಕ ಆಗಿದೆ."

"ಇಂಥದ್ದೇ ಒಂದನ್ನ ಮೊನ್ನೆ ಒಬ್ರು ವಿದೇಶಕ್ಕೆ ಕಳಿಸಿದ್ರು ದೊಡ್ಡಮ್ಮ. ಇದೊಂದು ತುಂಡಿಗೆ ಅಲ್ಲಿ ಜನ ಕಾಯ್ತಾರಂತೆ. ನಾನೇ ಪಾರ್ಸೆಲ್ ಮಾಡಿದ್ದು."

ಅಕ್ಕ ಶಟಲ್ಲನ್ನು ನೋಡಿದಳು, ತಕ್ಕಡಿ ನೋಡಿದಳು, ಗುಜರಿಯವನ ಮುಖ ನೋಡಿದಳು. ಗೆದ್ದ ವ್ಯಾಪಾರವನ್ನು ಕೈಯಾರೆ ಬಿಟ್ಟುಕೊಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಆದರೂ, "ಇವತ್ತು ಬೇಡಪ್ಪ, ಹೋಗ್ಬಾ" ಎಂದಳು. ಪಾಪ, ಅವನು ತಕ್ಕಡಿ ಎತ್ತಿಕೊಂಡು ಗೊಣಗುತ್ತ ಹೋದ.

ಮಿಸ್ತ್ರಿ ಮರಳಿದಾಗ ಅರ್ಧ ಡಬ್ಬಗಳು ಇನ್ನೂ ಬೀದಿಯಲ್ಲೇ ಇದ್ದವು. ಏನು ನಡೆದಿದೆ ಎಂದು ಅವನಿಗೆ ಹೇಳಬೇಕಾಗಿರಲಿಲ್ಲ. ಬಗ್ಗಿ ಒಂದು ಡಬ್ಬ ಎತ್ತಿಕೊಂಡು ಒಳಗೆ ಹೋದ. ಅಕ್ಕನೂ ಒಂದನ್ನು ಎತ್ತಿಕೊಂಡು ಅವನ ಹಿಂದೆ ಹೋದಳು. ಅಂದು ಅವಳು ಅಡುಗೆಗೆ ಅವನಿಗಿಷ್ಟದ್ದನ್ನೇ ಮಾಡಿದಳು; ಅವನು ಎರಡು ಸಲ ಬಡಿಸಿಕೊಂಡ.

ತಂಗಿಯ ಮಗಳು ಮೊದಲು ತೋರಿಸಿಕೊಟ್ಟದ್ದು ಬಹಳ ಸರಳವಾದ ದಾರಿ. ಫೋನಿನಲ್ಲಿ ಒಂದು ಜಾಗವಿತ್ತು. ಮನೆಯಲ್ಲಿರುವ ವಸ್ತುವಿನ ಫೋಟೊ ಹಾಕಿದರೆ ಯಾವ ದೇಶದವರಾದರೂ ನೋಡಿ ಕೇಳಬಹುದು. ಕಂಪನಿಯೂ ಇಲ್ಲ, ಅಂಗಡಿಯೂ ಇಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ.

"ಅಂದ್ರೆ ಪಕ್ಕದ ಮನೆಯವಳು ಹಳೇ ಕುಕ್ಕರ್ ಮಾರಿದ ಹಾಗೆ" ಎಂದಳು ಅಕ್ಕ.

"ಹಾಗೇನೇ. ಪಕ್ಕದ ಮನೆ ಸ್ವಲ್ಪ ದೂರ ಇದೆ, ಅಷ್ಟೆ."

ಶಟಲ್ಲಿನ ಫೋಟೊ ಹಾಕಿ ಕೆಲವು ದಿನವಾದ ಮೇಲೆ ಕಡಲಾಚೆಯಿಂದ ಒಬ್ಬ ಹೆಂಗಸು ವಿಚಾರಿಸಿದಳು. ಬಸ್ಸು ಓಡಿಸಿ ನಿವೃತ್ತಳಾದವಳಂತೆ. ತಾಯಿಯ ಕಾಲದ ಹೊಲಿಗೆ ಯಂತ್ರ ಮನೆಯಲ್ಲಿದೆ, ಶಟಲ್ ಕಳೆದುಹೋಗಿ ಮೂಲೆ ಸೇರಿದೆ, ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಲು ಸಾಧ್ಯವೇ ಎಂದು ಕೇಳಿದ್ದಳು. ಅಕ್ಕನ ಮುಖ ಅರಳಿತು. ಚೌಕಾಸಿಯ ಭಾಷೆ ಎಲ್ಲ ದೇಶದಲ್ಲೂ ಒಂದೇ ಎಂದು ಅವಳಿಗೆ ಅನ್ನಿಸಿರಬೇಕು. ಫೋನಿನೊಳಗೆ ಭಾಷಾಂತರದ ವ್ಯವಸ್ಥೆ ಇತ್ತು. ನಾವು ನಮ್ಮ ಭಾಷೆಯಲ್ಲಿ ಹೇಳಿದರೆ ಅದು ಅವರ ಭಾಷೆಗೆ ತಿರುಗಿಸಿ ಕಳಿಸುತ್ತಿತ್ತು. ಅಕ್ಕ ಫೋನನ್ನು ಬಾಯಿಯ ಹತ್ತಿರ ಹಿಡಿದು, ತರಕಾರಿ ಅಂಗಡಿಯಲ್ಲಿ ಹೇಳುವಂತೆಯೇ ಹೇಳಿದಳು: "ಅಷ್ಟು ಕಮ್ಮಿಗೆ ಕೊಟ್ರೆ ನನ್ನ ಕೈ ಸುಡುತ್ತೆ ತಾಯಿ. ಬಡವರ ಹೊಟ್ಟೆ ಮೇಲೆ ಹೊಡೀಬೇಡಿ."

ಉತ್ತರ ಆ ಕ್ಷಣವೇ ಬಂತು. "ಸುಟ್ಟ ಕೈಯನ್ನು ದಯವಿಟ್ಟು ತಣ್ಣೀರಿನಲ್ಲಿ ಹಿಡಿಯಿರಿ. ನಿಮ್ಮ ಹೊಟ್ಟೆಗೆ ಹೊಡೆಯುತ್ತಿರುವವರು ಯಾರು? ನೀವು ಸುರಕ್ಷಿತವಾಗಿದ್ದೀರಾ? ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ?"

ತಂಗಿಯ ಮಗಳು ಓದಿ ಹೇಳುವಾಗ ನಗುತ್ತ ನೆಲಕ್ಕೇ ಕುಳಿತುಬಿಟ್ಟಳು. ಎಷ್ಟೋ ದಿನಗಳಿಂದ ಹಲ್ಲು ತೋರಿಸದಿದ್ದ ಮಿಸ್ತ್ರಿ ಸ್ಟೂಲಿನ ಮೇಲಿಂದಲೇ, "ಹೊಡೀತಿರೋದು ನಾನಲ್ಲ ಅಂತ ಹೇಳಮ್ಮ, ಪೊಲೀಸರು ಬಂದಾರು" ಎಂದ. ವಿಷಯ ತಿಳಿದ ಮೇಲೆ ಬಸ್ ಡ್ರೈವರಮ್ಮ ಆಚೆ ಕಡೆಯಲ್ಲಿ ಅದೆಷ್ಟು ನಕ್ಕಳೋ, ಬೆಲೆಯ ಮಾತನ್ನೇ ಎತ್ತದೆ ಹೇಳಿದಷ್ಟಕ್ಕೇ ಕೊಂಡಳು.

ಪಾರ್ಸೆಲ್ ಮುಟ್ಟಿತು, ಆದರೆ ಯಂತ್ರ ಹೊಲಿಯಲಿಲ್ಲ. ಚಕ್ರ ತಿರುಗುತ್ತದೆ, ಸೂಜಿ ಏಳುತ್ತದೆ ಇಳಿಯುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ ಎಂದು ಡ್ರೈವರಮ್ಮ ಬರೆದಳು. ಅಕ್ಕನಿಗೆ ಗಾಬರಿ. ಕೆಟ್ಟ ಮಾಲು ಕೊಟ್ಟೆವೇನೋ ಎಂದು ಗಂಡನತ್ತ ನೋಡಿದರೆ ಅವನು, "ಮುಖ ನೋಡ್ಕೊಂಡು ಮಾತಾಡೋ ಫೋನು ಮಾಡಕ್ಕಾಗುತ್ತಾ?" ಎಂದು ಕೇಳಿದ. ತಾನಾಗಿ ಅವನು ಏನನ್ನಾದರೂ ಕೇಳಿ ತಿಂಗಳುಗಳೇ ಆಗಿದ್ದವು.

ಇಲ್ಲಿ ಬೆಳಗಿನ ಬಿಸಿಲು, ಅಲ್ಲಿ ಸಂಜೆಯ ದೀಪ. ಪರದೆಯಲ್ಲಿ ನರೆಗೂದಲಿನ ಗಟ್ಟಿಮುಟ್ಟು ಹೆಂಗಸು, ಅವಳ ಹಿಂದೆ ಕಿಟಕಿಗೆ ಹೂವಿನ ಪರದೆ, ಮುಂದೆ ಕಪ್ಪು ಯಂತ್ರ. ಮಿಸ್ತ್ರಿ ಕಣ್ಣು ಕಿರಿದು ಮಾಡಿ ಫೋನನ್ನು ಮೂಗಿನವರೆಗೂ ತಂದುಕೊಂಡ. ಅವನ ಮಾತು ಅವಳಿಗೆ ಬಾರದು, ಅವಳದು ಅವನಿಗೆ ಬಾರದು. ಸೂಜಿ ಹಿಂದುಮುಂದಾಗಿ ಕೂತಿದೆ ಎಂದು ತಿಳಿಸಲು ಅವನು ಒಂದು ಸೂಜಿ ಎತ್ತಿ ಹಿಡಿದು, ಬೆರಳಿನಲ್ಲಿ ಅರ್ಧ ಸುತ್ತು ತಿರುಗಿಸಿ ತೋರಿಸಿದ. ಅವಳು ತಲೆಯಾಡಿಸಿದಳು. ತನ್ನ ಸೂಜಿ ಬಿಚ್ಚಿ, ತಿರುಗಿಸಿ ಹಾಕಿದಳು. ಅವನು ಗಾಳಿಯಲ್ಲೇ ಚಕ್ರ ತಿರುಗಿಸಿದ. ಅವಳು ನಿಜವಾದ ಚಕ್ರ ತಿರುಗಿಸಿದಳು. ಯಂತ್ರ ಟಕಟಕ ಓಡಿತು. ಅವಳು ಬಟ್ಟೆ ಎತ್ತಿ ಫೋನಿನ ಮುಂದೆ ಹಿಡಿದಳು: ನೇರವಾದ, ಒತ್ತಾದ ಹೊಲಿಗೆ. ಆಮೇಲೆ ಆ ಗಟ್ಟಿಮುಟ್ಟು ಹೆಂಗಸು ಯಂತ್ರದ ಮೇಲೆ ಕೈ ಇಟ್ಟು ಅತ್ತುಬಿಟ್ಟಳು.

"ಅಳ್ತಾ ಇದಾಳಲ್ರೀ" ಎಂದಳು ಅಕ್ಕ.

"ಅಳ್ಲಿ" ಎಂದ ಮಿಸ್ತ್ರಿ. ಆಮೇಲೆ, "ಎಣ್ಣೆ ಬಿಡೋಕೆ ಹೇಳು. ಶಬ್ದ ಒಣಗಿದೆ" ಎಂದ.

ಡ್ರೈವರಮ್ಮ ತನ್ನ ಗೆಳತಿಯರಿಗೆ ಹೇಳಿದಳು, ಅವರು ಬೇರೆಯವರಿಗೆ ಹೇಳಿದರು. ಕೇಳುವವರು ಹೆಚ್ಚಿದಾಗ ತಂಗಿಯ ಮಗಳು ಎರಡನೆಯ ಬಗೆಯನ್ನು ಹೇಳಿಕೊಟ್ಟಳು. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಹೆಸರು ನೋಂದಾಯಿಸಿ ಅಂಗಡಿ ತೆರೆಯುವುದು. ಇಲ್ಲಿ ಮಾರುವುದು ಅಂಗಡಿ, ಕೊಳ್ಳುವುದು ಮನೆಯ ಗಿರಾಕಿ. ಮಾರುಕಟ್ಟೆಯವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ಗಿರಾಕಿ ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಟ್ಟು ಮರ್ಯಾದೆ ಅಳೆಯುತ್ತಾನೆ, ಬೇಡವೆಂದರೆ ವಾಪಸು ತೆಗೆದುಕೊಳ್ಳಬೇಕು.

"ಬೆಲೆ ಬರೆದಿಟ್ಟ ಮೇಲೆ ಚೌಕಾಸಿ?"

"ಇಲ್ಲ ದೊಡ್ಡಮ್ಮ. ಬರೆದದ್ದೇ ಬೆಲೆ."

"ಉಪ್ಪಿಲ್ಲದ ಸಾರು" ಎಂದು ಮುಖ ಸಿಂಡರಿಸಿದರೂ ಅಕ್ಕ ಅಂಗಡಿ ತೆರೆದಳು. ಡಬ್ಬಗಳನ್ನು ಮಿಸ್ತ್ರಿ ಗುರುತು ಹಿಡಿದು ಹೇಳುವುದು, ಅವಳು ಕಿಟಕಿಯ ಬೆಳಕಿನಲ್ಲಿ ಬಿಳಿ ತಟ್ಟೆಯ ಮೇಲಿಟ್ಟು ಫೋಟೊ ತೆಗೆಯುವುದು. ಅವನಿಗೆ ಕಾಣದ ಗೀರು ಅವಳಿಗೆ ಕಾಣುತ್ತಿತ್ತು. ಅವಳಿಗೆ ತಿಳಿಯದ ಭಾಗ ಅವನ ಬೆರಳಿಗೆ ಮುಟ್ಟಿದರೇ ತಿಳಿಯುತ್ತಿತ್ತು. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ ಎಂದು ಅಕ್ಕನಿಗೆ ಒಮ್ಮೊಮ್ಮೆ ಹೊಳೆಯುತ್ತಿತ್ತು.

ಎಡವಿದ್ದು ಅವಳೇ. ದೇಶ ದಾಟುವ ಪ್ರತಿ ಪಾರ್ಸೆಲ್ಲಿನ ಮೇಲೂ ಒಳಗೇನಿದೆ ಎಂದು ಸುಂಕದವರಿಗಾಗಿ ಬರೆಯಬೇಕಿತ್ತು. ತಂಗಿಯ ಮಗಳು ರಜೆಯಲ್ಲಿದ್ದ ದಿನ ಅಕ್ಕ ತಾನೇ ಕೌಂಟರಿಗೆ ಹೋಗಿ, ಹೊರದೇಶದ ದರ್ಜಿಯೊಬ್ಬನಿಗೆ ಹೊರಟಿದ್ದ ಪಾರ್ಸೆಲ್ಲಿನಲ್ಲಿ ಏನಿದೆ ಎಂದು ಕೇಳಿದವರ ಕೈಯಲ್ಲಿ ಬಾಯಿಗೆ ಬಂದದ್ದನ್ನೇ ಬರೆಸಿದಳು: ಹಳೇ ಕಬ್ಬಿಣ. ಆ ದೇಶದ ಸುಂಕದ ಕಟ್ಟೆಯಲ್ಲಿ ಪಾರ್ಸೆಲ್ ನಿಂತಿತು. ಹಳೆಯ ಲೋಹ ಎಂದರೆ ಗುಜರಿ, ಗುಜರಿ ಒಳಗೆ ಬರಬೇಕಾದರೆ ಬೇರೆಯೇ ಪರವಾನಗಿ ಬೇಕು ಎಂದು ಅಲ್ಲಿಯವರು ಅದನ್ನು ವಾಪಸು ಕಳಿಸಿದರು. ಕೋಟು ಹೊಲಿಯಲು ಕಾದು ಕೂತಿದ್ದ ದರ್ಜಿ ಒಂದೇ ಒಂದು ನಕ್ಷತ್ರ ಕೊಟ್ಟು, "ಈ ಅಂಗಡಿಯನ್ನು ನಂಬಬೇಡಿ" ಎಂದು ಬರೆದ.

ಅಕ್ಕ ಆ ಸಂಜೆ ಒಲೆ ಹಚ್ಚಲಿಲ್ಲ. ಬೆಲೆಗಾಗಿ ಅವಳೊಡನೆ ಜಗಳವಾಡಿದವರು ಊರ ತುಂಬ ಇದ್ದರು. ನಂಬಬೇಡಿ ಎಂದವರು ಒಬ್ಬರೂ ಇರಲಿಲ್ಲ. "ಮುಚ್ಚಿಬಿಡೋಣ ರೀ. ನನ್ನಿಂದ ಆಗಲ್ಲ" ಎಂದಳು.

ಮಿಸ್ತ್ರಿ ಎರಡು ಲೋಟ ಚಹಾ ಮಾಡಿಕೊಂಡು ಬಂದ. ಸಕ್ಕರೆ ಜಾಸ್ತಿಯಾಗಿತ್ತು. ಅವಳ ಪಕ್ಕದಲ್ಲಿ ಕುಳಿತು ಹೇಳಿದ: "ಇಷ್ಟು ವರ್ಷ ನೀನು ಅದನ್ನ ಹಳೇ ಕಬ್ಬಿಣ ಹಳೇ ಕಬ್ಬಿಣ ಅಂದೆ. ನಾನು ನಂಬ್ಲಿಲ್ಲ. ಆ ದೇಶದ ಆಫೀಸರ್ ಪಾಪ, ನಿನ್ನ ಮಾತು ನಂಬಿಬಿಟ್ಟ."

ಅವಳಿಗೆ ಅಳುವೂ ಬಂತು, ನಗುವೂ ಬಂತು. "ಹಾಗಾದ್ರೆ ಏನಂತ ಬರೀಬೇಕಿತ್ತು?"

"ಹೊಲಿಗೆ ಯಂತ್ರದ ಬಿಡಿಭಾಗ ಅಂತ."

ಒಂದೊಂದು ಬಗೆಯ ಸರಕಿಗೂ ಸುಂಕದವರು ಓದುವ ಒಂದೊಂದು ಸಂಖ್ಯೆಯಿದೆ ಎಂದು ಮರುದಿನ ತಂಗಿಯ ಮಗಳು ವಿವರಿಸಿದಳು. ಅಕ್ಕ ಅದನ್ನು ಬಾಯಿಪಾಠ ಮಾಡಿದಳು. ಬಿಡಿಭಾಗವನ್ನು ತನ್ನದೇ ಖರ್ಚಿನಲ್ಲಿ ದರ್ಜಿಗೆ ಮತ್ತೆ ಕಳಿಸಿ, ತಪ್ಪು ತನ್ನದೆಂದು ಯಾವ ನುಡಿಗಟ್ಟೂ ಇಲ್ಲದ ಸರಳ ಮಾತಿನಲ್ಲಿ ಬರೆದಳು. ದರ್ಜಿ ನಕ್ಷತ್ರ ಹೆಚ್ಚಿಸಲಿಲ್ಲ. ಆದರೆ ಆಮೇಲೆ ಸೂಜಿ ಬೇಕಾದಾಗಲೆಲ್ಲ ಅವಳ ಅಂಗಡಿಗೇ ಬಂದ. "ಸ್ವಾಭಿಮಾನಿ ಮನುಷ್ಯ, ಬಾಯಿಬಿಟ್ಟು ಹೇಳಲ್ಲ" ಎಂದು ಅಕ್ಕ ಅವನನ್ನು ಕ್ಷಮಿಸಿದಳು.

ಹೀಗಿರುವಾಗ ಹಳೆಯ ಯಂತ್ರಗಳ ಸಗಟು ವ್ಯಾಪಾರಿಯೊಬ್ಬ ಹೊರದೇಶದಿಂದ ಸಂಪರ್ಕಿಸಿದ. ಇದು ಮೂರನೆಯ ಬಗೆ: ಕಂಪನಿಯಿಂದ ಕಂಪನಿಗೆ. ಒಂದೊಂದು ತುಂಡಿನ ಮಾತಿಲ್ಲ, ಪೆಟ್ಟಿಗೆಗಟ್ಟಲೆ ಹಡಗಿನಲ್ಲಿ ಹೋಗುವುದು. ಮನೆಯಲ್ಲಿರುವ ಅಷ್ಟೂ ಡಬ್ಬಗಳನ್ನು ಒಂದೇ ಸಲಕ್ಕೆ ಕೊಂಡುಬಿಡುತ್ತೇನೆ ಎಂದ ಅವನು. ಮಿಸ್ತ್ರಿಯನ್ನು ಕೇಳಿದರೆ, "ನಿನ್ನಿಷ್ಟ" ಎಂದು ಎದ್ದು ಹೋದ. ಮತ್ತೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ.

ಫೋನಿನ ಪರದೆಯ ಮೇಲೆ ವ್ಯಾಪಾರಿಯ ಮುಖ ಮೂಡಿದಾಗ ಅಕ್ಕ ಹೊಸ ಸೀರೆ ಉಟ್ಟು ಕುಳಿತಿದ್ದಳು. ತಂಗಿಯ ಮಗಳು ಪಕ್ಕದಲ್ಲಿ ಭಾಷಾಂತರಕ್ಕೆ. ಮನುಷ್ಯ ಸಭ್ಯಸ್ಥ, ಹಸನ್ಮುಖಿ. ಅಕ್ಕ ಬೆಲೆ ಏರಿಸಿದಳು, ಅವನು ಒಪ್ಪಿದ. ಇನ್ನಷ್ಟು ಏರಿಸಿದಳು, ಸ್ವಲ್ಪ ಯೋಚಿಸಿ ಅದಕ್ಕೂ ಒಪ್ಪಿದ. ಜನ್ಮದಲ್ಲೇ ಕಾಣದಷ್ಟು ದೊಡ್ಡ ವ್ಯಾಪಾರವನ್ನು ಅವಳು ಗೆಲ್ಲುವುದರಲ್ಲಿದ್ದಳು. ಆಗ ಏನು ತೋಚಿತೋ, "ಇಷ್ಟೊಂದು ತಗೊಂಡು ಏನ್ಮಾಡ್ತೀರಿ ಕೇಳು" ಎಂದಳು.

ಅವನು ಮುಚ್ಚುಮರೆಯಿಲ್ಲದೆ ಹೇಳಿದ: ಬೇಗ ಖರ್ಚಾಗುವ ಭಾಗಗಳನ್ನು ಗೋದಾಮಿನಲ್ಲಿಟ್ಟು ಮಾರುತ್ತೇನೆ. ಉಳಿದವುಗಳಿಗೆ ಜಾಗದ ಬಾಡಿಗೆ ದಂಡ, ಕರಗಿಸಲು ಕೊಡುತ್ತೇನೆ.

ತಂಗಿಯ ಮಗಳು ಹೇಳಿ ಮುಗಿಸಿದ ಮೇಲೆ ಅಕ್ಕ ಬಾಗಿಲ ಕಡೆ ನೋಡಿದಳು. ಮಿಸ್ತ್ರಿಯ ಬೆನ್ನು ಕಾಣುತ್ತಿತ್ತು. ಅಂಗಿಯ ಹೆಗಲಿನ ಮೇಲೆ ಎಣ್ಣೆಯ ಕಲೆ.

"ಡಬ್ಬಗಳು ಮಾರಕ್ಕಿಲ್ಲ ಅಂತ ಹೇಳು."

"ದೊಡ್ಡಮ್ಮಾ! ಕೇಳಿದಷ್ಟು ಕೊಡ್ತಾ ಇದಾರೆ!"

"ಕೊಡ್ಲಿ. ಒಂದೊಂದನ್ನೂ ಬೇಕಾದವರಿಗೇ ಕಳಿಸ್ತೀವಿ. ಆದ್ರೆ ಈ ವ್ಯಾಪಾರೀನ ಬರಿಗೈಲಿ ಕಳಿಸ್ಬೇಡ. ಹಿಂದಿನ ಬೀದಿಯ ಚರ್ಮದ ಕೆಲಸದವನು ಕಾಲಲ್ಲಿ ತುಳಿಯೋ ಮೆಷಿನ್ನಿಗೆ ಬೆಲ್ಟ್ ಮಾಡ್ತಾನಲ್ಲ, ಎಲ್ಲ ಹಳೇ ಮೆಷಿನ್ನಿಗೂ ಅದು ಬೇಕೇ ಬೇಕು. ಎಷ್ಟು ಪೆಟ್ಟಿಗೆ ಬೇಕು ಕೇಳು."

ವ್ಯಾಪಾರಿ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಜೋರಾಗಿ ನಕ್ಕ. ಬೆಲ್ಟಿನ ಮಾತು ಮೊದಲಿಂದ ಶುರುವಾಯಿತು, ಈ ಸಲ ಅವನೂ ಬಿಗಿಯಾಗಿಯೇ ಚೌಕಾಸಿ ಮಾಡಿದ. ಗಂಟಲು ಒಣಗುವವರೆಗೆ ಎಳೆದಾಡಿ ಇಬ್ಬರೂ ಒಂದು ದರಕ್ಕೆ ಬಂದಾಗ ಅಕ್ಕನ ಮುಖ ಹಬ್ಬದಂತಿತ್ತು. ಮಿಸ್ತ್ರಿ ಒಳಗೆ ಬಂದು ಅವಳ ಕೈಗೆ ಒಂದು ಲೋಟ ನೀರು ಕೊಟ್ಟ.

ಚರ್ಮದವನಿಗೆ ಕೈತುಂಬ ಕೆಲಸ ಸಿಕ್ಕಿತು. ಬಹಳ ಖರ್ಚಾಗುವ ಸೂಜಿ, ದಾರ ಸುತ್ತುವ ಬಾಬಿನ್‌ಗಳನ್ನು ಗಿರಾಕಿಗಳಿರುವ ದೇಶದ ಬಾಡಿಗೆ ಗೋದಾಮಿನಲ್ಲೇ ಇಟ್ಟರೆ ಗಿರಾಕಿಗೆ ಬೇಗ ಮುಟ್ಟುತ್ತದೆ ಎಂದು ತಂಗಿಯ ಮಗಳು ಒತ್ತಾಯಿಸಿದಳು. "ನಮ್ಮ ಸಾಮಾನು ಬೇರೆಯವರ ಮನೇಲಿ ಬಾಡಿಗೆಗೆ ಇರೋದಾ?" ಎಂದು ಅಕ್ಕ ಮೊದಮೊದಲು ಮೂಗು ಮುರಿದಳು, ಒಂದು ಪೆಟ್ಟಿಗೆ ಇಟ್ಟು ನೋಡಿ, ಆಮೇಲೆ ಇನ್ನೊಂದನ್ನೂ ಇಟ್ಟಳು. ಮಿಸ್ತ್ರಿಯ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅವನು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿ, "ಕೂದಲು ಬೆಳ್ಳಗಾಗಿದೆಯಲ್ಲೇ" ಎಂದ. "ನಿಮ್ಮ ದೆಸೆಯಿಂದ" ಎಂದಳು ಅವಳು, ಒಳಗೊಳಗೇ ಖುಷಿಪಡುತ್ತ.

ಮೊನ್ನೆ ಕೊರಿಯರ್ ಕಚೇರಿಯಿಂದ ಫೋನು ಬಂತು. ಯಾವತ್ತೂ ಇಲ್ಲಿಂದ ಹೋಗುವುದೇ ಆಗಿತ್ತು. ಈ ಸಲ ಅಲ್ಲಿಂದ ಇಲ್ಲಿಗೆ ಒಂದು ದೊಡ್ಡ ಪೆಟ್ಟಿಗೆ ಬಂದಿತ್ತು. ಅವರಿಂದ ಎಂದೂ ಏನೂ ಕೊಳ್ಳದ ದಂಪತಿ ಯಾರೋ, ಮಿಸ್ತ್ರಿಯ ಹೆಸರು ಕೇಳಿ, ತಮ್ಮ ಇಡೀ ಯಂತ್ರವನ್ನೇ ರಿಪೇರಿಗೆ ಕಳಿಸಿಬಿಟ್ಟಿದ್ದರು. ಒಳಗೆ ಬರುವುದಕ್ಕೂ ಸುಂಕವಿದೆ ಎಂಬುದು ಅಕ್ಕನಿಗೆ ಆಗ ತಿಳಿಯಿತು. ರಿಪೇರಿಯಾಗಿ ವಾಪಸು ಹೋಗುವ ವಸ್ತುವಿಗೆ ಎಂಥ ಸುಂಕ ಎಂದು ಅವಳು ಕೌಂಟರಿನ ಮುಂದೆ ನಿಂತು ವಾದಿಸಿದ್ದನ್ನು ಅಲ್ಲಿ ಸಾಲಿನಲ್ಲಿದ್ದವರೆಲ್ಲ ಕೇಳಿದರು. ಅಂಥದ್ದಕ್ಕೆ ಬೇರೆ ಕಾಗದಪತ್ರಗಳಿವೆ ಎಂದು ತಂಗಿಯ ಮಗಳು ಸಮಾಧಾನಪಡಿಸಿ, ಎಲ್ಲ ತುಂಬಿಸಿ, ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಸಿ ಕಳಿಸಿದಳು.

"ಕಳಿಸೋ ಮುಂಚೆ ಒಂದು ಮಾತು ಕೇಳ್ಬಾರ್ದಾ? ಇದನ್ನ ಮತ್ತೆ ವಾಪಸ್ ಕಳಿಸೋ ಖರ್ಚು ಯಾರಪ್ಪ ಕೊಡ್ತಾರೆ?" ಎಂದು ಅಕ್ಕ ದಾರಿಯುದ್ದಕ್ಕೂ ಬೈದಳು. ಮನೆ ಮುಟ್ಟಿ, ಕೈಕಾಲು ತೊಳೆದು, ಅನ್ನಕ್ಕಿಟ್ಟು ಬರುವಷ್ಟರಲ್ಲಿ ಮಿಸ್ತ್ರಿ ಪೆಟ್ಟಿಗೆ ಬಿಚ್ಚಿ, ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ, ಅದರ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ.

"ರೀ, ಊಟ."

"ಬಂದೆ."

ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಎರಡೂ ತಟ್ಟೆಗಳನ್ನು ಮುಂದಿನ ಕೋಣೆಗೇ ತಂದು, ಸ್ಕ್ರೂಗಳನ್ನು ಒಂದು ಪಕ್ಕಕ್ಕೆ ಸರಿಸಿ, ಜಾಗ ಮಾಡಿಕೊಂಡು ಕುಳಿತಳು.